ಕುಂಚ ಹಿಡಿದ ಕೈ ಕೀರ್ದಿ ಬರೆಯಬಾರದೇ?

ಪುಣೆಯ ಕನ್ನಡ ಸಂಘ-ಮಂಡಲಗಳಲ್ಲಿ ಒಂದು ಪದ್ಧತಿ ಬಲು ಹಳೆಯದು. ನಾಟಕದ ಪಾತ್ರಗಳು ಹಂಚಿಹೋಗಿ, ತಾಲೀಮು ಶುರುವಾಗಿ, ಸಭಾಗೃಹಕ್ಕೆ ಮುಂಗಡ ಕಟ್ಟಿ, ಅಡಿಗೆಯವರಿಗೂ ಮೈಕಿನವರಿಗೂ ಹೇಳಿ ಆದಮೇಲೆ ಖಜಾಂಚಿಗಳು ಚೀಲ ಜಾಡಿಸಿ ನೋಡುತ್ತಾರೆ. ತಳದಲ್ಲಿ ಉಳಿದಷ್ಟನ್ನು ಎತ್ತಿಕೊಟ್ಟು, "ಇಷ್ಟ ಉಳದದ ನೋಡ್ರಿ, ಇದರಾಗ ಸ್ಟೇಜ್ ಮುಗಿಸಿಬಿಡ್ರಿ" ಎನ್ನುತ್ತಾರೆ. ಸಾಲದು ಎಂದು ನಾವು ತಲೆ ಕೆರೆದುಕೊಂಡರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ನೀವು ಕಲಾವಿದರು, ನಿಮಗ್ಯಾಕ್ರೀ ಈ ರೊಕ್ಕದ ಉಸಾಬರಿ?"

ಆಡುವವರ ಮಟ್ಟಿಗೆ ಇದು ಗೌರವದ ಮಾತು. ಕೇಳುವ ನಮ್ಮ ಮಟ್ಟಿಗೆ, ಅಂದರೆ ಈ ಊರಿನ ಕನ್ನಡ ನಾಟಕಗಳಿಗೆ ವರ್ಷಾನುಗಟ್ಟಲೆ ಪರದೆಯ ಹಿಂದೆ ನಿಂತು ಮೊಳೆ ಹೊಡೆದವರು, ಬಣ್ಣ ಕಲಸಿದವರು, ಅರಮನೆಯನ್ನೂ ಗುಡಿಸಲನ್ನೂ ಎಬ್ಬಿಸಿ ಬೀಳಿಸಿದವರ ಮಟ್ಟಿಗೆ, ಇದು ಬಾಯಿ ಮುಚ್ಚಿಸುವ ಮಾತು. ದುಡ್ಡಿನ ವಿಷಯ ನಿನ್ನದಲ್ಲ ಎಂದು ಒಬ್ಬನಿಗೆ ಹೇಳಿದಿರೆಂದರೆ, ನಿನಗೆ ಎಷ್ಟು ಕೊಡಬೇಕೆಂಬುದನ್ನು ನಾವೇ ತೀರ್ಮಾನಿಸುತ್ತೇವೆ ಎಂದು ಹೇಳಿದಂತೆಯೇ ಆಯಿತು. ಇಷ್ಟು ಸರಳವಾದ ಲೆಕ್ಕ ಅರ್ಥವಾಗದಷ್ಟು ನಾವು ಬಣ್ಣದಲ್ಲಿ ಮುಳುಗಿಲ್ಲ.

ಹಾಗೆಂದು ತಪ್ಪೆಲ್ಲ ಖಜಾಂಚಿಗಳದೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಬಣ್ಣದ ಕಸುಬಿನವರಲ್ಲಿಯೂ ಒಂದು ಜಾತಿಯ ಜನರಿದ್ದಾರೆ. ಅವರಿಗೆ ಅಂದಾಜು ಪಟ್ಟಿ ಕೇಳಿದರೆ ಅಪಮಾನ. ರಸೀದಿ ಕೇಳಿದರೆ ಮಹಾಪರಾಧ. "ಲೆಕ್ಕ-ಪತ್ರ ನಮಗೆ ಬರೂದಿಲ್ಲರೀ, ನಾವು ಕಲೆಗಾರರು" ಎಂಬುದನ್ನು ಎದೆಯ ಮೇಲಿನ ಪದಕದಂತೆ ಧರಿಸಿ ಓಡಾಡುತ್ತಾರೆ. ಪ್ರಯೋಗದ ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ ಇನ್ನಷ್ಟು ಹಣ ಬೇಕೆನ್ನುತ್ತಾರೆ. ಕೊಡದಿದ್ದರೆ ಅರ್ಧ ಬಣ್ಣದ ಗೋಡೆಯನ್ನು ನಿಲ್ಲಿಸಿ ಹೋಗುತ್ತಾರೆ. ಅಂಥವರನ್ನು ಒಮ್ಮೆ ಕಂಡ ಸಮಿತಿ ಮುಂದೆ ಹತ್ತು ವರ್ಷ ಯಾವ ಕಲಾವಿದನನ್ನೂ ನಂಬುವುದಿಲ್ಲ. ಅವರು ಮಾಡಿಟ್ಟ ಸಾಲವನ್ನು ಉಳಿದವರೆಲ್ಲ ತೀರಿಸಬೇಕಾಗಿದೆ.

ನಮ್ಮ ಜಗಳ ಈ ಇಬ್ಬರೊಡನೆಯೂ ಇದೆ. ಕಲೆಯ ಮೇಲ್ವಿಚಾರಣೆ ಮಾಡುವವನಿಗೆ ಹಣದ ಬುದ್ಧಿ ಬೇಕು. ಹಣದ ಬುದ್ಧಿಯಿರುವ ಆತನನ್ನು ಹಣ ಎಣಿಸುವ ಮೇಜಿಗೆ ಕರೆದು ಕೂರಿಸಬೇಕು. ಇದನ್ನು ಹೇಳಲು ಪುಣೆಗಿಂತ ತಕ್ಕ ಊರು ಭಾರತದಲ್ಲಿ ಇನ್ನೊಂದಿಲ್ಲ. ಯಾಕೆಂದರೆ, ಕಲಾ ನಿರ್ದೇಶಕರೇ ಮಾಲೀಕರಾಗಿ ಕೂತು ಒಂದು ಕಂಪನಿಯನ್ನು ನಡೆಸಿ, ದೇಶವೇ ತಿರುಗಿ ನೋಡುವಂತೆ ಮಾಡಿದ್ದು ಇದೇ ಊರಿನಲ್ಲಿ.

ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮುಂದೆ ನಮ್ಮಲ್ಲಿ ಎಷ್ಟೋ ಜನ ದಿನಾಲೂ ಹಾದುಹೋಗುತ್ತೇವೆ. ಆ ಆವರಣ ಹಿಂದೆ ಪ್ರಭಾತ್ ಫಿಲ್ಮ್ ಕಂಪನಿಯದಾಗಿತ್ತು. ಕಂಪನಿ ಹುಟ್ಟಿದ್ದು 1929ರ ಜೂನ್ 1ರಂದು, ಕೊಲ್ಲಾಪುರದಲ್ಲಿ. ಪುಣೆಗೆ ಬಂದದ್ದು 1933ರಲ್ಲಿ. ಪಾಲುದಾರರು ಐವರು: ವಿ. ಶಾಂತಾರಾಮ್, ವಿಷ್ಣುಪಂತ ದಾಮ್ಲೆ, ಶೇಖ್ ಫತ್ತೇಲಾಲ್, ಕೇಶವರಾವ್ ಧಾಯಬರ್, ಮತ್ತು ಸೀತಾರಾಮಪಂತ ಕುಲಕರ್ಣಿ. ಇವರಲ್ಲಿ ಕುಲಕರ್ಣಿಯವರು ಬಂಡವಾಳದ ಕಡೆಯವರು. ಉಳಿದ ನಾಲ್ವರೂ ಬಾಬುರಾವ್ ಪೇಂಟರರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಕೈಕೆಸರು ಮಾಡಿಕೊಂಡು ಕಲಿತವರು. ಆ ಬಾಬುರಾವ್ ಪೇಂಟರರಾದರೂ ಯಾರು? ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅಂದಮೇಲೆ ಮರಾಠಿ ಚಿತ್ರರಂಗದ ಬೇರನ್ನು ಅಗೆದರೆ ನಮ್ಮಂಥ ಪರದೆಯವನೊಬ್ಬ ಸಿಕ್ಕೇ ಸಿಗುತ್ತಾನೆ. (ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತಷ್ಟೆ, ಅದರ ಚಿತ್ರೀಕರಣ ನಡೆದದ್ದೂ ಅದೇ ಕೊಲ್ಲಾಪುರದಲ್ಲಿ, ಛತ್ರಪತಿ ಸಿನೆಟೋನಿನಲ್ಲಿ. ನೆಂಟಸ್ತಿಕೆ ಹೊಸದಲ್ಲ.)

ದಾಮ್ಲೆ ಮತ್ತು ಫತ್ತೇಲಾಲ್ ಎಂಬ ಈ ಜೋಡಿಯನ್ನು ಸ್ವಲ್ಪ ನಿಂತು ನೋಡಬೇಕು. ಸ್ಟುಡಿಯೋದವರು ಅವರನ್ನು ದಾಮ್ಲೆ ಮಾಮಾ, ಸಾಹೇಬ್ ಮಾಮಾ ಎಂದು ಕರೆಯುತ್ತಿದ್ದರು. ಇಬ್ಬರೂ ಚಿತ್ರ ಬರೆಯುವುದನ್ನು ಕಲಿತವರು. ಫತ್ತೇಲಾಲರು ಪ್ರಭಾತದ ಕಲಾ ನಿರ್ದೇಶಕರು. ದಾಮ್ಲೆಯವರು ಬಣ್ಣದಿಂದ ಹೊರಟು ಯಂತ್ರಗಳ ಕಡೆ ಸರಿದು, ಮಾತಿನ ಚಿತ್ರ ಬಂದಾಗ ಧ್ವನಿಮುದ್ರಣವನ್ನು ಕೈಗೆ ತೆಗೆದುಕೊಂಡರು. ಇಂಥವರು ಕಂಪನಿಯ ಸಂಬಳದ ಆಳುಗಳಾಗಿರಲಿಲ್ಲ, ಪಾಲುದಾರರಾಗಿದ್ದರು. ಒಂದು ಕಂಬ ಎಷ್ಟು ದಪ್ಪವಿರಬೇಕೆಂದು ಹೇಳುವ ಫತ್ತೇಲಾಲರಿಗೇ ಆ ಕಂಬದ ಖರ್ಚಿನಲ್ಲಿ ಪಾಲಿತ್ತು. ಕಂಬ ದಪ್ಪವಾದರೆ ಜೇಬು ತೆಳ್ಳಗಾಗುವುದು ತಮ್ಮದೇ. ಕಂಬ ಕಾಗದದಂತೆ ಕಂಡು ಚಿತ್ರ ಬಿದ್ದರೆ ಬೀಳುವುದೂ ತಮ್ಮದೇ. ಈ ಎರಡು ಭಯಗಳು ಒಂದೇ ಎದೆಯಲ್ಲಿದ್ದಾಗ ಹುಟ್ಟುವ ವಿವೇಕವನ್ನು ಬೇರೆ ಯಾವ ಶಾಲೆಯೂ ಕಲಿಸಲಾರದು.

ಆ ವಿವೇಕ ಏನು ಮಾಡಿತೆಂಬುದಕ್ಕೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1934ರ 'ಅಮೃತ ಮಂಥನ', ಪುಣೆಗೆ ಬಂದ ಹೊಸತರಲ್ಲಿ ಶಾಂತಾರಾಮರು ನಿರ್ದೇಶಿಸಿದ್ದು. ದೇವಿಯ ಮುಂದೆ ಬಲಿ, ರಾಜಗುರುವಿನ ಕೌರ್ಯ, ಕತ್ತಲೆ-ಬೆಳಕಿನ ಆಟ. ಅಲ್ಲಿ ಭವ್ಯತೆಯೇ ಕಥೆ. ನೋಡುವವನಿಗೆ ತಾನು ಇರುವೆಯಂತೆ ಕಾಣಬೇಕು, ಆದ್ದರಿಂದ ಸಜ್ಜಿಕೆ ಎತ್ತರಕ್ಕೆ ಎದ್ದಿತು. ಎರಡು ವರ್ಷದ ಮೇಲೆ, 1936ರಲ್ಲಿ, 'ಸಂತ ತುಕಾರಾಮ್'. ನಿರ್ದೇಶನ ಸ್ವತಃ ದಾಮ್ಲೆ-ಫತ್ತೇಲಾಲರದು. ಈಗ ಇಬ್ಬರು ಚಿತ್ರಕಾರರ ಕೈಯಲ್ಲೇ ಇಡೀ ಚಿತ್ರವಿದೆ, ತಡೆಯುವವರಿಲ್ಲ, ಕೇಳುವವರಿಲ್ಲ, ಬೇಕಾದಷ್ಟು ಮೆರೆಯಬಹುದಿತ್ತು. ಆದರೆ ತೆರೆಯ ಮೇಲೆ ಕಾಣುವುದೇನು? ದೇಹುವಿನ ಒಂದು ಬಡ ಮನೆ, ಬೀಸುವ ಕಲ್ಲು, ಎಮ್ಮೆ, ಹೊಲ. ತುಕಾರಾಮನ ಹೆಂಡತಿ ಜಿಜಾಯಿ ರೇಗುವುದು ಕೂಡ ಆ ಮನೆಯ ಗೋಡೆಗೆ ಒಪ್ಪುವಂತಿದೆ. ಪವಾಡಗಳಿಗೆ ಬೇಕಾದ ಕೈಚಳಕವನ್ನು ಕೂಡಿಟ್ಟು, ಬೇಕಾದಲ್ಲಿ ಮಾತ್ರ ಖರ್ಚು ಮಾಡಿದ್ದಾರೆ. ಕೊನೆಯಲ್ಲಿ ಗರುಡವಾಹನ ಇಳಿದು ಬರುವಾಗ ಅದು ಪವಾಡವಾಗಿ ಕಾಣುವುದು ಅದಕ್ಕೆ ಮುನ್ನ ಎಲ್ಲವೂ ಮಣ್ಣಿನ ಮಟ್ಟದಲ್ಲಿ ಇದ್ದುದರಿಂದ. ಇಡೀ ಚಿತ್ರವೇ ವೈಕುಂಠವಾಗಿದ್ದರೆ ಕೊನೆಯ ವೈಕುಂಠಕ್ಕೆ ಬೆಲೆ ಎಲ್ಲಿಂದ ಬರಬೇಕು? ಆ ಚಿತ್ರ ಮುಂಬಯಿಯ ಸೆಂಟ್ರಲ್ ಚಿತ್ರಮಂದಿರದಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಗಲ್ಲಾಪೆಟ್ಟಿಗೆಯೂ ವೆನಿಸ್ಸೂ ಒಂದೇ ಚಿತ್ರಕ್ಕೆ ತಲೆದೂಗಿದವು.

ಇದನ್ನು ಉಳಿತಾಯ ಎನ್ನಬೇಕೇ, ಕಲೆ ಎನ್ನಬೇಕೇ? ನಮಗಂತೂ ಎರಡರ ನಡುವೆ ಗೆರೆ ಎಳೆಯಲು ಬರುವುದಿಲ್ಲ.

ಪ್ರಭಾತದ ಮುಂದಿನ ಕಥೆ ಅಷ್ಟು ಸಿಹಿಯಾದುದಲ್ಲ. 1942ರಲ್ಲಿ ಶಾಂತಾರಾಮರು ಹೊರಬಿದ್ದು ಮುಂಬಯಿಯಲ್ಲಿ ರಾಜಕಮಲ್ ಕಟ್ಟಿದರು. 1945ರಲ್ಲಿ ದಾಮ್ಲೆಯವರು ತೀರಿಕೊಂಡರು. ಐವತ್ತರ ದಶಕದ ಆರಂಭಕ್ಕೆ ಕಂಪನಿ ಬಾಗಿಲು ಹಾಕಿತು. 1960ರಲ್ಲಿ ಅದೇ ಜಾಗದಲ್ಲಿ ಸರ್ಕಾರದ ಇನ್‌ಸ್ಟಿಟ್ಯೂಟು ಶುರುವಾಯಿತು. "ನೋಡಿದಿರಾ, ಕಲಾವಿದರು ವ್ಯಾಪಾರ ಮಾಡಿದರೆ ಹೀಗೇ" ಎಂದು ಯಾರಾದರೂ ಹೇಳಬಹುದು. ಸ್ವಾಮಿ, ಬರೀ ವ್ಯಾಪಾರಿಗಳೇ ಕಟ್ಟಿದ ಎಷ್ಟು ಸ್ಟುಡಿಯೋಗಳು ಆ ಕಾಲದಿಂದ ಇಂದಿನವರೆಗೆ ಉಳಿದಿವೆ? ಪ್ರಭಾತ ಸೊರಗಿದ್ದು ಕುಂಚ ಹಿಡಿದವರು ಲೆಕ್ಕಕ್ಕೆ ಕೈಹಾಕಿದ್ದರಿಂದಲ್ಲ. ಒಂದೇ ಮೇಜಿನ ಸುತ್ತ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದುಹೋದದ್ದರಿಂದ ಎಂದೇ ನಮ್ಮ ಅನಿಸಿಕೆ.

ಈ ವಾದ ಎಬ್ಬಿಸಿದಾಗಲೆಲ್ಲ ಈಚೆಗೆ ನಮ್ಮೆದುರು ಒಂದು ಹೆಸರನ್ನು ತಂದು ನಿಲ್ಲಿಸುತ್ತಾರೆ. 'ಲಗಾನ್', 'ದೇವದಾಸ್', 'ಜೋಧಾ ಅಕ್ಬರ್' ಚಿತ್ರಗಳ ಕಲಾ ನಿರ್ದೇಶಕ ನಿತಿನ್ ದೇಸಾಯಿಯವರದು. 2005ರಲ್ಲಿ ಕರ್ಜತ್ ಬಳಿ ಸ್ವಂತ ಸ್ಟುಡಿಯೋ ಕಟ್ಟಿದ್ದ ಅವರು 2023ರ ಆಗಸ್ಟ್ 2ರಂದು ಅದೇ ಸ್ಟುಡಿಯೋದಲ್ಲಿ ತಮ್ಮ ಜೀವವನ್ನು ಕಳೆದುಕೊಂಡರು. ಸ್ಟುಡಿಯೋದ ಮೇಲೆ 250 ಕೋಟಿ ರೂಪಾಯಿಗೂ ಮೀರಿದ ಸಾಲದ ದಾವೆಯಿತ್ತು. ಆ ವಾರ ಪುಣೆಯ ಯಾವ ಕಟ್ಟೆಯ ಮೇಲೆ ಕೂತರೂ ಒಂದೇ ಮಾತು: "ಪಾಪ, ಕಲಾವಿದ ಮನುಷ್ಯ, ವ್ಯಾಪಾರ ಯಾಕೆ ಬೇಕಿತ್ತು?" ಆ ಸಾಲದ ಒಳಹೊರಗು ನಮಗೆ ಸೇರಿದ ವಿಷಯವಲ್ಲ, ಅದನ್ನು ಇಲ್ಲಿ ತೂಗುವ ದುರುದ್ದೇಶವೂ ಇಲ್ಲ. ಆದರೆ ಆ "ಪಾಪ" ಎಂಬ ಶಬ್ದ ನಮಗೆ ಹಿಡಿಸುವುದಿಲ್ಲ. ಕಾರ್ಖಾನೆ ಮುಳುಗಿ ಸಾಹುಕಾರನೊಬ್ಬ ಸತ್ತರೆ "ಪಾಪ, ವ್ಯಾಪಾರಿ ಮನುಷ್ಯ, ವ್ಯಾಪಾರ ಯಾಕೆ ಬೇಕಿತ್ತು" ಎಂದು ಯಾರೂ ಅನ್ನುವುದಿಲ್ಲ. ಬಣ್ಣದವನು ಬಿದ್ದರೆ ಮಾತ್ರ ಅವನು ಏರಿದ್ದೇ ತಪ್ಪು! ಎರಡು ದಶಕಗಳ ಕಾಲ ಆತ ಕಟ್ಟಿ ನಿಲ್ಲಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಇಲ್ಲಿ ನಮ್ಮ ಮಾತನ್ನು ಇನ್ನಷ್ಟು ಬಿಗಿಗೊಳಿಸಬೇಕು. ಒಬ್ಬನೇ ಮನುಷ್ಯ ಎರಡೂ ಹೊರೆಗಳನ್ನು ಒಂಟಿಯಾಗಿ ಹೊರಲಿ ಎಂದು ನಾವು ಹೇಳುತ್ತಿಲ್ಲ. ಪ್ರಭಾತದಲ್ಲಿ ಫತ್ತೇಲಾಲರ ಪಕ್ಕದಲ್ಲಿ ಕುಲಕರ್ಣಿಯವರಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಕಲೆ ಮತ್ತು ಲೆಕ್ಕ ಒಂದೇ ತಲೆಯಲ್ಲಿ ಇರದಿದ್ದರೆ ಒಂದೇ ಮನೆಯಲ್ಲಾದರೂ ಇರಬೇಕು. ನಮ್ಮಲ್ಲಿ ಅವು ಬೇರೆ ಬೇರೆ ಊರುಗಳಲ್ಲಿವೆ, ನಡುವೆ ಬಸ್ಸೂ ಇಲ್ಲ.

ಕನ್ನಡದವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗುಬ್ಬಿ ವೀರಣ್ಣನವರು 1934ರಲ್ಲಿ 'ಕುರುಕ್ಷೇತ್ರ' ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ-ಕುದುರೆಗಳನ್ನು ತಂದರು. ದುಂದು ಎಂದು ಮೂಗು ಮುರಿಯಬಹುದು. ಆದರೆ ಆನೆಗೆ ಹಾಕುವ ಮೇವಿನ ಖರ್ಚನ್ನು ಆನೆಯೇ ದುಡಿದು ಕೊಡಬೇಕೆಂಬುದು ಆ ಮಾಲೀಕರಿಗೆ ಗೊತ್ತಿತ್ತು. ಆನೆ ರಂಗಕ್ಕೆ ಬರುತ್ತದಂತೆ ಎಂಬ ಸುದ್ದಿಗಿಂತ ಒಳ್ಳೆಯ ಜಾಹೀರಾತು ಇನ್ನೇನಿದ್ದೀತು? ಮೇಲಾಗಿ ಅವರು ಸ್ವತಃ ನಟರು, ಹಾಸ್ಯದಲ್ಲಿ ಎತ್ತಿದ ಕೈ. ಸಭೆ ಎಲ್ಲಿ ಬಾಯಿ ಬಿಡುತ್ತದೆ, ಎಲ್ಲಿ ಆಕಳಿಸುತ್ತದೆ ಎಂದು ರಂಗದ ಮೇಲಿನಿಂದಲೇ ನೋಡುತ್ತಿದ್ದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'. ಕಾಯಕವೆಂದರೆ ಹೊಟ್ಟೆಯನ್ನೂ ಹೊರೆಯುವ, ದಾಸೋಹಕ್ಕೂ ಉಳಿಸುವ ದುಡಿಮೆ. ಲೆಕ್ಕವಿಲ್ಲದೆ ಕಾಯಕ ಎಲ್ಲಿ ಬಂತು?

ಇನ್ನೊಂದು ಕಡೆ ಬಾಲಗಂಧರ್ವರನ್ನು ನೆನೆಯಿರಿ. ಅವರ ಕಂಠಕ್ಕೆ ನಾವೂ ತಲೆಬಾಗುವವರೇ. ಆದರೆ ಅವರ ನಾಟಕ ಮಂಡಳಿ ರೇಶಿಮೆ, ಒಡವೆ, ಅತ್ತರುಗಳ ವೈಭವಕ್ಕೆ ಎಷ್ಟು ಹೆಸರಾಯಿತೋ ಸಾಲಕ್ಕೂ ಅಷ್ಟೇ ಹೆಸರಾಯಿತು. ಅತ್ತರಿನ ಪರಿಮಳ ಮೊದಲ ಸಾಲಿನವರ ಮೂಗಿಗೆ ತಾಗಿ ಅಲ್ಲೇ ಮುಗಿಯಿತು. ಸಾಲ ಮಾತ್ರ ಊರಿಂದೂರಿಗೆ ಕಂಪನಿಯ ಬೆನ್ನು ಹತ್ತಿತು. 1968ರಿಂದ ಜಂಗಲಿ ಮಹಾರಾಜ ರಸ್ತೆಯಲ್ಲಿ ಅವರ ಹೆಸರಿನ ರಂಗಮಂದಿರ ನಿಂತಿದೆ. ಅಲ್ಲಿ ಆಡುವ ಪ್ರತಿಯೊಂದು ತಂಡವೂ ಅವರ ಕಂಠವನ್ನು ನೆನೆಯಲಿ, ಅವರ ಖರ್ಚನ್ನು ಬೇಡ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಮಾತೂ ಇಲ್ಲಿ ಬರಬೇಕು. ಆ ಸಣ್ಣ ಊರು ಪುಣೆಗೆ ಎರಡು ದೊಡ್ಡ ಕಾಣಿಕೆ ಕೊಟ್ಟಿದೆ. 1880ರಲ್ಲಿ ಇದೇ ಪುಣೆಯಲ್ಲಿ 'ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಒಬ್ಬರು. ಇನ್ನೊಬ್ಬರು ಕಾರ್ಖಾನೆಯ ಲಕ್ಷ್ಮಣರಾವ್ ಕಿರ್ಲೋಸ್ಕರರು. ಈ ಎರಡನೆಯವರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋದದ್ದು ಚಿತ್ರಕಾರರಾಗಲೆಂದು! ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲವೆಂದು ಗೊತ್ತಾಗಿ ಯಂತ್ರಗಳ ನಕ್ಷೆ ಬರೆಯುವುದಕ್ಕೆ ಹೊರಳಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಅವರ ಮನೆತನದ ಶಂಕರರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿತು ಬಂದು ಕಂಪನಿಯ ಜಾಹೀರಾತಿಗೆ ಕೈಹಾಕಿದರು. 1920ರಲ್ಲಿ ಅವರು ಶುರುಮಾಡಿದ ಕಂಪನಿಯ ಪತ್ರಿಕೆ ಬೆಳೆದು ಮನೆಮನೆಯ ಮಾಸಿಕವಾಯಿತು. ಕಿರ್ಲೋಸ್ಕರ್ ಕಾರ್ಖಾನೆಗಳ ಸಂಬಳದಲ್ಲಿ ಮಕ್ಕಳನ್ನು ಓದಿಸಿದ ಕನ್ನಡ ಮನೆಗಳು ಈ ಊರಿನಲ್ಲಿ ಎಷ್ಟಿವೆ! ಆ ಮನೆಗಳಲ್ಲೇ "ಡ್ರಾಯಿಂಗ್ ಬರೆದು ಹೊಟ್ಟೆ ತುಂಬುತ್ತದೇನೋ" ಎಂದು ಹುಡುಗನ ಕೈಯಿಂದ ಪೆನ್ಸಿಲ್ ಕಸಿಯುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಹಣ ಕಡಿಮೆಯಿದ್ದರೆ ಕಲೆ ಆಗದು ಎನ್ನುವವರಿಗೂ ಒಂದು ಮಾತಿದೆ. 1970ರ 'ಸಂಸ್ಕಾರ' ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಚಿತ್ರಕಾರ ಎಸ್. ಜಿ. ವಾಸುದೇವ್. ಅಗ್ರಹಾರವನ್ನು ಸ್ಟುಡಿಯೋದಲ್ಲಿ ಕಟ್ಟದೆ ತಂಡ ಶೃಂಗೇರಿಯ ಕಡೆಯ ಒಂದು ನಿಜವಾದ ಹಳ್ಳಿಗೇ ಹೋಯಿತು. ಆ ಓಣಿ, ಆ ಜಗಲಿ, ಆ ಹೊಳೆ ಚಿತ್ರಕ್ಕೆ ಕೊಟ್ಟ ಬಿಗುವನ್ನು ಯಾವ ಪ್ಲಾಸ್ಟರಿನ ಸಜ್ಜಿಕೆಯೂ ಕೊಡಲಾರದು. ಖರ್ಚು ಉಳಿಸಿದ ತೀರ್ಮಾನವೂ ಚಿತ್ರವನ್ನು ಎತ್ತಿದ ತೀರ್ಮಾನವೂ ಒಂದೇ. ಎಂಬತ್ತರ ದಶಕದಲ್ಲಿ ಶಂಕರನಾಗ್ 'ಮಾಲ್ಗುಡಿ ಡೇಸ್' ಮಾಡಿದಾಗಲೂ ಹಾಗೆಯೇ. ಶಿಲ್ಪಿ ಜಾನ್ ದೇವರಾಜ್ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದರು. ಇದ್ದ ಮನೆಗೆ ಒಂದು ಫಲಕ, ಇದ್ದ ಬೀದಿಗೆ ಒಂದು ತಿರುವು. ಇನ್ನು ಪುಣೆಗೆ ಹತ್ತಿರದ ಉದಾಹರಣೆ ಬೇಕೇ? ಗಿರೀಶ ಕಾರ್ನಾಡರು 1974-75ರಲ್ಲಿ ಇಲ್ಲಿಯ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಅವರ 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಕಲೆಯ ಹೊಣೆ ಹೊತ್ತವರು ಪುಣೆಯ ವಾಸ್ತುಶಿಲ್ಪಿ ದಂಪತಿಗಳಾದ ನಚಿಕೇತ್ ಮತ್ತು ಜಯೂ ಪಟವರ್ಧನ್. ಮನೆ ಕಟ್ಟುವವರಿಗೆ ಚದರಡಿಯ ಬೆಲೆ ಗೊತ್ತಿರುತ್ತದೆ.

ಕಲೆಯೂ ಲೆಕ್ಕವೂ ಕೂಡಿದರೆ ಗಲ್ಲಾ ತುಂಬಿಯೇ ತೀರುತ್ತದೆಂದು ಪ್ರಮಾಣ ಮಾಡುವ ಧೈರ್ಯ ನಮಗಿಲ್ಲ. ಅದೇ ಕಾರ್ನಾಡರು ಅದೇ ದಂಪತಿಗಳ ಕಲೆಯೊಡನೆ 1984ರಲ್ಲಿ ಹಿಂದಿಯ 'ಉತ್ಸವ್' ಮಾಡಿದರು. ಕಣ್ಣಿಗೆ ಹಬ್ಬವಾದ ಆ ಚಿತ್ರ ನಿರ್ಮಾಪಕ ಶಶಿ ಕಪೂರರಿಗೆ ಭಾರಿ ನಷ್ಟ ತಂದಿತು. ಮಳೆ ಬರುವುದು ಬಿಡುವುದು ರೈತನ ಕೈಯಲ್ಲಿಲ್ಲ. ಬೀಜದ ಲೆಕ್ಕ ಮಾತ್ರ ಅವನ ಕೈಯಲ್ಲಿದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ಕೆಲವು ವರ್ಷಗಳಿಂದ ಸಂಘಗಳಿಗೆ ಹೊಸ ಮೋಹವೊಂದು ಹತ್ತಿದೆ: ಎಲ್ಇಡಿ ಗೋಡೆ. ರಂಗಸಜ್ಜಿಕೆಗೆ ಕೊಡಲು ದುಡ್ಡಿಲ್ಲವೆನ್ನುವವರೇ ಅದರ ಬಾಡಿಗೆಗೆ ಮರುಮಾತಿಲ್ಲದೆ ಚೆಕ್ಕು ಬರೆಯುತ್ತಾರೆ, ಯಾಕೆಂದರೆ ಅವನು ಅಚ್ಚುಕಟ್ಟಾದ ಬಿಲ್ಲು ಕೊಡುತ್ತಾನೆ. ಒಂದು ಸಂಘದ ರಾಜ್ಯೋತ್ಸವದಲ್ಲಿ, ಯಾವುದೆಂದು ಕೇಳಬೇಡಿ, ಕಿತ್ತೂರು ಚೆನ್ನಮ್ಮ ಥ್ಯಾಕರೆಯ ಎದುರು ಗುಡುಗುತ್ತಿದ್ದಾಳೆ. ಹಿಂದಿನ ಗೋಡೆಯ ಮೇಲೆ ಝಗಝಗಿಸುವ ಮೈಸೂರು ಅರಮನೆ, ಅದೂ ದಸರೆಯ ವಿದ್ಯುದ್ದೀಪಗಳ ಸಮೇತ! ಕಿತ್ತೂರಿನ ಯುದ್ಧ 1824ರದು, ಆ ಅರಮನೆ ಕಟ್ಟಿ ಮುಗಿದದ್ದು 1912ರಲ್ಲಿ. ಸಭೆಯಲ್ಲಿ ಯಾರೂ ನಗಲಿಲ್ಲ. ನಮ್ಮ ಮಕ್ಕಳು ಕಿತ್ತೂರೆಂದರೆ ಇದೇ ಎಂದು ನಂಬಿ ಮನೆಗೆ ಹೋದರು. ನಮ್ಮ ಕಳವಳವೂ ಅದೇ. ಊರನ್ನು ರಜೆಯಲ್ಲಿ ಮಾತ್ರ ಕಾಣುವ ಮಕ್ಕಳಿಗೆ ಕಿತ್ತೂರಿನ ಕೋಟೆಯ ಕಲ್ಲಿನ ಬಣ್ಣ, ಮಲೆನಾಡಿನ ತೊಟ್ಟಿಮನೆಯ ಕತ್ತಲೆ, ಧಾರವಾಡದ ಮಾಳಿಗೆಯ ಮನೆ ಕಾಣಸಿಗುವುದು ವರ್ಷಕ್ಕೊಮ್ಮೆ ಈ ರಂಗದ ಮೇಲೆಯೇ. ಅದನ್ನು ಚೀಲದ ತಳದಲ್ಲಿ ಉಳಿದ ಚಿಲ್ಲರೆಗೆ ಬಿಟ್ಟಿದ್ದೇವೆ.

ಅದೇ ಹಣದಲ್ಲಿ ಏನಾಗುತ್ತಿತ್ತು? ನಟ ಮುಟ್ಟುವ ವಸ್ತು ಮಾತ್ರ ನಿಜವಾಗಿರಲಿ, ಕಣ್ಣು ಮಾತ್ರ ಮುಟ್ಟುವುದನ್ನು ಬಣ್ಣದಲ್ಲಿ ಬರೆದರೆ ಸಾಕು. ಚೆನ್ನಮ್ಮನ ಕೈಯ ಕತ್ತಿ, ಒರಗುವ 'ಲೋಡು', ಕೂರುವ ಪೀಠ ಇಷ್ಟು ಸರಿಯಾಗಿದ್ದರೆ ಹಿಂದಿನ ಕೋಟೆಗೆ ಕೋರಾ ಬಟ್ಟೆ, ಬಿದಿರು, ನಾಲ್ಕು ಡಬ್ಬಿ ಬಣ್ಣ ಸಾಕು. ಬಿದಿರಿಗೆ ಬುರುಡ ಆಳಿ ಇದೆ. ಹಳೆಯ ಹಿತ್ತಾಳೆ, ದೀಪ, ಬೀಗ, ಬಾಗಿಲಿನ ಚಿಲಕಕ್ಕೆ ಬುಧವಾರ, ಭಾನುವಾರ ಜೂನಾ ಬಜಾರಿದೆ. ಚೌಕಾಸಿ ಮಾಡುವ ನಾಲಿಗೆ ಬೇಕು, ಮತ್ತು ತಿಂಗಳ ಮೊದಲೇ ಕೈಗೆ ಹಣ ಬೇಕು. ಹಿಂದಿನ ದಿನ ಹಣ ಕೊಟ್ಟರೆ ಜೂನಾ ಬಜಾರು ಮುಚ್ಚಿರುತ್ತದೆ. ಆಗ ಬಾಡಿಗೆಯವನ ಬಾಗಿಲೇ ಗತಿ. ತಡವಾಗಿ ಕೊಟ್ಟ ಹಣ ಅರ್ಧ ಹಣ. ಇನ್ನೂ ಒಂದಿದೆ. ಪ್ರತಿ ನಾಟಕಕ್ಕೂ ಹೊಸ ಚೌಕಟ್ಟು ಮಾಡಿಸಿ, ಮುಗಿದ ರಾತ್ರಿಯೇ ಒಡೆದು ಟೆಂಪೋದವನಿಗೆ ಉರುವಲಾಗಿ ಕೊಟ್ಟು ಬರುತ್ತೇವೆ, ಇಡಲು ಜಾಗವಿಲ್ಲವೆಂದು. ಒಂದು ಸಣ್ಣ ಕೋಣೆ ಇದ್ದರೆ ಅದೇ ಎಂಟು ಚೌಕಟ್ಟುಗಳ ಮೇಲೆ ಬಟ್ಟೆ ಬದಲಿಸಿ ಐದು ವರ್ಷ ಕಳೆಯಬಹುದು. ನಾಟ್ಯಗೃಹದವರು ಗಂಟೆ ಎಣಿಸಿ ಜಾಗ ಕೊಡುವ ಈ ಊರಿನಲ್ಲಿ ಸಜ್ಜಿಕೆ ಮಡಚುವಂತಿರಬೇಕು, ಅರ್ಧ ಗಂಟೆಯಲ್ಲಿ ಏಳಬೇಕು, ಅಷ್ಟರಲ್ಲೇ ಇಳಿಯಬೇಕು. ಇವೆಲ್ಲ ಕಲೆಯ ಪ್ರಶ್ನೆಗಳೋ ದುಡ್ಡಿನ ಪ್ರಶ್ನೆಗಳೋ ಎಂದು ಬೇರ್ಪಡಿಸಿ ಕೊಡುವ ಪಂಡಿತರಿದ್ದರೆ ಬರಲಿ.

ಸಂಭಾವನೆಯ ಮಾತು ಎತ್ತಿದರೆ ಹಲವರ ಮುಖ ಹುಳ್ಳಗಾಗುತ್ತದೆ. ಅಡಿಗೆಯವರಿಗೆ ಕೂಲಿ ಉಂಟು, ಮೈಕಿನವನಿಗೆ ಉಂಟು, ಬೆಳಕಿನವನಿಗೆ ಉಂಟು. ಕೊಡಲೇಬೇಕು, ನಮ್ಮ ತಕರಾರಿಲ್ಲ. ಕಲೆಗೆ ಮಾತ್ರ ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಶಾಲನ್ನು ಹೊದ್ದುಕೊಂಡು ಹೋದರೆ ಪ್ಲೈವುಡ್ ಅಂಗಡಿಯವನು ಬಾಕಿ ಬಿಡುವುದಿಲ್ಲ. ಸೇವೆ ಮಾಡುವವರು ಸೇವೆಯೆಂದೇ ಮಾಡಲಿ, ನಮ್ಮಲ್ಲೂ ಬಹಳ ಮಂದಿ ಹಾಗೆಯೇ ಮಾಡುತ್ತಿದ್ದೇವೆ. ಆದರೆ ಈ ಕಸುಬಿನಿಂದಲೇ ಬದುಕಬೇಕೆಂದು ಹೊರಟಿರುವ ಹುಡುಗ-ಹುಡುಗಿಯರಿಂದ ಸೇವೆಯ ಹೆಸರಿನಲ್ಲಿ ದುಡಿಸಿಕೊಳ್ಳುವುದಕ್ಕೆ ಬೇರೆ ಹೆಸರಿದೆ, ಅದನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡುವುದು ಬೇಡ.

ಅಂಥ ಮಕ್ಕಳು ನಮ್ಮ ಮನೆಗಳಲ್ಲಿ ಇದ್ದಾರೆ. ಇದೇ ಪುಣೆಯಲ್ಲಿ, ಪ್ರಭಾತದ ಅಂಗಳದಲ್ಲಿಯೇ, ಕಲಾ ನಿರ್ದೇಶನ ಕಲಿಸುವ ಮೂರು ವರ್ಷದ ಅಭ್ಯಾಸಕ್ರಮವಿದೆ. ಬೆಂಗಳೂರು-ಧಾರವಾಡದವರು ಹಂಬಲಿಸಿ ಇಲ್ಲಿಗೆ ಬರುತ್ತಾರೆ, ಕೋಥರೂಡಿನ ನಮ್ಮ ಮಕ್ಕಳಿಗೆ ಅಪ್ಪ ಇಂಜಿನಿಯರಿಂಗಿನ ಅರ್ಜಿ ತುಂಬಿಸುತ್ತಾನೆ. ತಾಯಿ-ತಂದೆಯರ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಪರಊರಿನಲ್ಲಿ ಬಾಡಿಗೆ ಮನೆಯಿಂದ ಶುರುಮಾಡಿದವರಿಗೆ ತಿಂಗಳ ಸಂಬಳದ ಬೆಲೆ ಗೊತ್ತು. ಭಯವಿದ್ದರೆ ಮಗಳ ಕೈಯಿಂದ ಕುಂಚ ಕಸಿಯಬೇಡಿ. ಇನ್ನೊಂದು ಕೈಗೆ ಕೀರ್ದಿ ಕೊಡಿ. ಮನೆಯ ತಿಂಗಳ ಜಮಾ-ಖರ್ಚನ್ನು ಅವಳೇ ಬರೆಯಲಿ. ಗಣಪತಿ ಹಬ್ಬದ ಮಂಟಪವನ್ನು ಇಂತಿಷ್ಟರಲ್ಲಿ ಮುಗಿಸೆಂದು ಹಣ ಎಣಿಸಿ ಕೊಡಿ, ಉಳಿದರೆ ಅವಳಿಗೇ ಎನ್ನಿ. ಥರ್ಮೋಕೋಲಂತೂ ಮಹಾರಾಷ್ಟ್ರದಲ್ಲಿ 2018ರಲ್ಲೇ ನಿಷೇಧವಾಯಿತು. ರಟ್ಟು, ಬಟ್ಟೆ, ಬಿದಿರಿನಲ್ಲಿ ಏನು ಮಾಡುತ್ತಾಳೋ ನೋಡಿ. ಒಪ್ಪಂದದ ಕಾಗದ ಓದದೆ ಸಹಿ ಹಾಕಬಾರದು, ಮುಂಗಡವಿಲ್ಲದೆ ಮೊಳೆ ಹೊಡೆಯಬಾರದು, ಒಪ್ಪಿದ ಮೊತ್ತ ಮೀರಬಾರದು, ಮೀರುವಂತಿದ್ದರೆ ಮೊದಲೇ ಹೇಳಬೇಕು. ಇಷ್ಟನ್ನು ಹದಿನೆಂಟಕ್ಕೆ ಕಲಿತವಳು ಮೂವತ್ತಕ್ಕೆ ಹಸಿದಿರುವುದಿಲ್ಲ.

ಮುಂದಿನ ತಿಂಗಳು ಕಾರ್ಯಕಾರಿ ಸಮಿತಿ ರಾಜ್ಯೋತ್ಸವದ ನಾಟಕಕ್ಕಾಗಿ ಸೇರಲಿದೆ. ನಾವು ಈ ಸಲ ಕಾಯದೆ ಅಂದಾಜು ಪಟ್ಟಿಯನ್ನು ಮೊದಲೇ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಬಿದಿರು, ಕೋರಾ ಬಟ್ಟೆ, ಬಣ್ಣ, ಹಗ್ಗ, ಟೆಂಪೋ, ಎರಡು ಹೊತ್ತಿನ ಚಹಾ, ಚೌಕಟ್ಟುಗಳನ್ನಿಡಲು ಕೋಣೆಯ ಬಾಡಿಗೆ ಎಲ್ಲವೂ ಅದರಲ್ಲಿದೆ. ಎಲ್ಲಿ ಎಷ್ಟು ಕಡಿಮೆ ಮಾಡಬಹುದೆಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇವೆ. ಕೊನೆಯ ಸಾಲಿನಲ್ಲಿ "ಕಲಾ ನಿರ್ದೇಶಕರ ಸಂಭಾವನೆ" ಎಂದಿದೆ, ಅದರ ಪಕ್ಕದಲ್ಲಿ ಪೆನ್ಸಿಲಿನ ಗುರುತಿಲ್ಲ. ಆ ಸಾಲನ್ನು ಹೊಡೆಯಬೇಕೆಂದಿರುವ ಪದಾಧಿಕಾರಿಗಳು ದಯವಿಟ್ಟು ನಮ್ಮನ್ನೂ ಸಭೆಗೆ ಕರೆಯಲಿ. ಕುರ್ಚಿ ಸಾಲದಿದ್ದರೆ ನಾವೇ ತರುತ್ತೇವೆ, ಹೋದ ವರ್ಷದ ನಾಟಕದ್ದು ಎರಡು ಉಳಿದಿವೆ.